ವೆಲ್ಡಿಂಗ್ ಇಲ್ಲದ ಟೋಸ್ಟರ್

ಕುವೈತಿನ ಸಲ್ವಾದಲ್ಲಿ ಯಾವ ಬೀದಿಗೆ ಹೋದರೂ ನಾನು ಮಾಡಿದ ಒಂದು ಗೇಟಾದರೂ ಕಣ್ಣಿಗೆ ಬೀಳುತ್ತದೆ. ಜಂಬ ಎನ್ನುವವರು ಎನ್ನಲಿ. ಅರ್ದಿಯಾದ ಕಬ್ಬಿಣದ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿರುವವನಿಗೆ ಜಂಬ ಪಡಲು ಬೇರೆ ಏನಿರುತ್ತದೆ? ಆದರೆ ಕಳೆದ ಚಳಿಗಾಲದಲ್ಲಿ ವಿಸಿಟ್ ವೀಸಾದ ಮೇಲೆ ಬಂದ ಅಪ್ಪ ಆ ಜಂಬವನ್ನು ಒಂದೇ ಮಾತಿಗೆ ಇಳಿಸಿಬಿಟ್ಟರು.

ಅಪ್ಪ ಉಡುಪಿ ಕಡೆಯ ಕಮ್ಮಾರರು. ಕೈ ನಡುಗಲು ಶುರುವಾದ ಮೇಲೆ ಕುಲುಮೆಯ ಕೆಲಸ ಬಿಟ್ಟಿದ್ದರು. ಅಬ್ಬಾಸಿಯಾದ ನಮ್ಮ ಫ್ಲ್ಯಾಟಿನಲ್ಲಿ ಕುಳಿತು ಕುಳಿತು ಅವರಿಗೆ ಬೇಜಾರು ಹಿಡಿದಿತ್ತು. ಒಂದು ದಿನ ವರ್ಕ್‌ಶಾಪಿಗೆ ಕರೆದುಕೊಂಡು ಹೋಗಿ ಕಟಿಂಗ್ ಮಶೀನು, ವೆಲ್ಡಿಂಗ್ ಸೆಟ್ಟು, ಸಾಲಾಗಿ ಒರಗಿಸಿಟ್ಟ ಗೇಟುಗಳು ಎಲ್ಲವನ್ನೂ ತೋರಿಸಿದೆ. ಅವರು ಒಂದು ಗೇಟಿನ ಅಂಚನ್ನು ಬೆರಳಲ್ಲಿ ಸವರುತ್ತಾ ಆ ತುದಿಯಿಂದ ಈ ತುದಿಗೆ ನಡೆದರು. ಏನನ್ನೋ ಹುಡುಕುತ್ತಿದ್ದ ಹಾಗಿತ್ತು.

"ಬೆಂಕಿ ಎಲ್ಲುಂಟು?" ಎಂದು ಕೇಳಿದರು.

"ಬೆಂಕಿ ಇಲ್ಲ ಅಪ್ಪ. ಇಲ್ಲಿ ಎಲ್ಲ ವೆಲ್ಡಿಂಗ್."

"ಹಾಗಾದ್ರೆ ನೀನು ಅಂಟಿಸುವವ," ಎಂದರು. ಬೈಗುಳದ ದನಿಯೇ ಅಲ್ಲ, ಸುಮ್ಮನೆ ಗೊತ್ತು ಮಾಡಿಕೊಂಡ ಹಾಗೆ.

ನನಗೆ ಉರಿದುಹೋಯಿತು. ನನ್ನ ಇಕಾಮಾದಲ್ಲಿ, ಅಂದರೆ ಇಲ್ಲಿ ಇರಲು ಕೊಟ್ಟ ಪರವಾನಗಿಯಲ್ಲಿ ಕೂಡ, ವೆಲ್ಡರ್ ಎಂದೇ ಇದೆ. ಮತ್ತೆ ಆ ಮಾತಿನ ಹಿಂದೆ ಇನ್ನೊಂದು ವಿಷಯ ಇತ್ತು. ನಮ್ಮ ಮನೆಯಲ್ಲಿ ಒಂದು ಅಚ್ಚು ಇದೆ, ಕಿರುಬೆರಳಿನಷ್ಟು ಉದ್ದದ ಉಕ್ಕಿನ ತುಂಡು, ತುದಿಯಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಎಲೆಯ ಆಕಾರ. ಕತ್ತಿಯಾಗಲಿ ತುರಿಮಣೆಯಾಗಲಿ, ಕೆಲಸ ಮುಗಿದ ಮೇಲೆ ಆ ಎಲೆಯನ್ನು ಒತ್ತಿಯೇ ಕೊಡುವುದು. ಆದರೆ ಮಗ ಎಷ್ಟೇ ಕೆಲಸ ಕಲಿತರೂ ತಾನಾಗಿ ಅಚ್ಚು ಮುಟ್ಟುವ ಹಾಗಿಲ್ಲ. ಒಂದು ದಿನ ಅಪ್ಪನಾದವನು ಮಗನ ಕೆಲಸ ನೋಡಿ ಅದನ್ನು ಅವನ ಕೈಗೆ ಕೊಡಬೇಕು. ಅಪ್ಪನಿಗೆ ಅದು ಸಿಕ್ಕಿದ್ದು ಒಂದು ತುರಿಮಣೆಯ ನಾಲಿಗೆ ಮಾಡಿದಾಗ. ನಾನು ಅಷ್ಟರವರೆಗೆ ಕಾಯದೆ ಕುವೈತಿನ ವಿಮಾನ ಹತ್ತಿದ್ದೆ. ಸಲ್ವಾದ ಅಷ್ಟೂ ಗೇಟುಗಳಲ್ಲಿ ಒಂದರ ಮೇಲೂ ನಮ್ಮ ಎಲೆ ಇಲ್ಲ.

ಅದೇ ವಾರ ಸಲ್ವಾದಿಂದ ಒಬ್ಬರು ಹಿರಿಯ ಹೆಂಗಸು ವರ್ಕ್‌ಶಾಪಿಗೆ ಬಂದರು. ಅವರ ಮನೆಯ ಗೇಟು ನಾನೇ ಮಾಡಿದ್ದು. ಮನೆಯ ಕೆಲಸದವರೆಲ್ಲ ಕರೆಯುವಂತೆ ನಾನೂ ಅವರನ್ನು ಮಾಮಾ, ಅಂದರೆ ಅಮ್ಮ, ಎನ್ನುತ್ತೇನೆ. ಟವೆಲಿನಲ್ಲಿ ಸುತ್ತಿ ತಂದಿದ್ದ ಹಳೆಯ ಕಬ್ಬಿಣದ ಸಾಮಾನೊಂದನ್ನು ಅವರು ಮೇಜಿನ ಮೇಲೆ ಬಿಚ್ಚಿಟ್ಟರು. ಮೂರು ಪುಟ್ಟ ಕಾಲು, ಉದ್ದ ಹಿಡಿ, ಮುಂದೆ ಎದುರುಬದುರು ಎರಡು ಸಾಲು ಕಮಾನು. ಕಮಾನುಗಳ ನಡುವೆ ರೊಟ್ಟಿ ನಿಲ್ಲಿಸಿ ಕೆಂಡದ ಪಕ್ಕ ಇಡುವುದು, ಒಂದು ಮೈ ಕೆಂಪಾದ ಮೇಲೆ ಕಮಾನನ್ನು ತಿರುಗಿಸಿದರೆ ಇನ್ನೊಂದು ಮೈ ಕೆಂಡಕ್ಕೆ ಬರುತ್ತದೆ. ಕರೆಂಟು ಬೇಡದ ಟೋಸ್ಟರ್. ತೀರಿಹೋದ ಗಂಡ ಓದುವ ಕಾಲಕ್ಕೆ ಯಾವುದೋ ಚಳಿ ದೇಶದಿಂದ ತಂದದ್ದಂತೆ. ಪ್ರತಿ ಚಳಿಗಾಲ ಮರಳುಗಾಡಿನಲ್ಲಿ ಟೆಂಟು ಹಾಕಿದಾಗ ಅದರಲ್ಲೇ ಖುಬ್ಬೂಸ್ ರೊಟ್ಟಿ ಕಾಯಿಸುವುದು ಆ ಮನೆಯ ರೂಢಿ. ಈ ಸಲ ಸಾಮಾನು ತುಂಬುವಾಗ ಪಿಕಪ್ಪಿನ ಚಕ್ರ ಅದರ ಮೇಲೆ ಹತ್ತಿತ್ತು.

"ವೆಲ್ಡಿಂಗ್ ಮಾಫಿ," ಎಂದು ಬೇಡವೆನ್ನುವಂತೆ ಕೈಯಾಡಿಸಿದರು ಮಾಮಾ, ಹಿಂದೊಮ್ಮೆ ಯಾರೋ ಅಂಟಿಸಿ ಮತ್ತೆ ಬಿಟ್ಟುಹೋದ ಜಾಗ ತೋರಿಸಿ. "ಸೇಮ್ ಸೇಮ್ ಬೇಕು. ಹೊಸದು."

ನಮ್ಮ ಮಾಲೀಕರು ನಕ್ಕು, ಜಮಿಯಾ ಸೂಪರ್‌ಮಾರ್ಕೆಟ್ಟಿನಲ್ಲಿ ಬೇಕಾದಷ್ಟು ಟೋಸ್ಟರ್ ಸಿಗುತ್ತದಲ್ಲ ಎಂದರು. ನಾನು ನಗಲಿಲ್ಲ. "ನಾನು ಮಾಡ್ತೇನೆ," ಎಂದೆ. ಅಪ್ಪನ ವೀಸಾ ಮುಗಿಯಲು ಹೆಚ್ಚು ದಿನ ಉಳಿದಿರಲಿಲ್ಲ. ಅವರು ಹೋಗುವುದರೊಳಗೆ ಅವರ ಎದುರೇ ಮಾಡಬೇಕು ಎಂದು ನನಗೆ ಹಟ ಬಂದಿತ್ತು.

ಶುಕ್ರವಾರ ರಜೆ, ವರ್ಕ್‌ಶಾಪ್ ಖಾಲಿ. ಲಾರಿಯ ಹಳೆಯ ಬ್ರೇಕ್ ಡ್ರಮ್ಮು ಕುಲುಮೆಯಾಯಿತು, ಕ್ರೇನ್ ಓಡುವ ಕಂಬಿಯ ತುಂಡು ಕಬ್ಬಿಣ ಬಡಿಯುವ ಅಡಿಗಲ್ಲಾಯಿತು. ತಿದಿಯ ಬದಲು ಹೆಂಡತಿಯ ಹೇರ್ ಡ್ರೈಯರ್. "ಸುಟ್ಟು ಹೋದ್ರೆ ಹೊಸತು ತರ್ಬೇಕು, ಈಗ್ಲೇ ಹೇಳಿದ್ದೇನೆ," ಎಂದೇ ಅವಳು ಕೊಟ್ಟಿದ್ದಳು. ಸತು ಹಚ್ಚಿದ ಸರಳಿನ ಹೊಗೆ ವಿಷ ಎಂದು ಬರಿ ಕಬ್ಬಿಣವನ್ನೇ ಹುಡುಕಿ ತೆಗೆದಿದ್ದೆ. ಅಪ್ಪ ಉಣ್ಣೆಯ ಟೋಪಿ ಕಿವಿ ಮುಚ್ಚುವಷ್ಟು ಎಳೆದುಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತರು. ಕಬ್ಬಿಣ ಬಣ್ಣ ಕಳೆದುಕೊಂಡ ಮೇಲೂ ನಾನು ಬಡಿದರೆ ಮಾತ್ರ ಒಮ್ಮೆ ಕೆಮ್ಮುತ್ತಿದ್ದರು. ಚಿಕ್ಕಂದಿನಲ್ಲೂ ಅವರು ನನಗೆ ಪಾಠ ಹೇಳಿದ್ದು ಹೀಗೆಯೇ.

ಮೊದಮೊದಲು ತುಂಬ ಕೆಮ್ಮಿದರು. ಅಡಿಯ ಪಟ್ಟಿಯ ತುದಿಯನ್ನು ಸೀಳಿ ಮುಂದಿನ ಎರಡು ಕಾಲು ಬಿಡಿಸುವಾಗ ಒಂದು ಉದ್ದ, ಒಂದು ಗಿಡ್ಡವಾಯಿತು. ಮತ್ತೆ ಕಾಯಿಸಿ ಸರಿ ಮಾಡಿದೆ. ಭುಜ ನೋಯತೊಡಗಿತು, ಆದರೆ ಹೊತ್ತು ಹೋದಂತೆ ಕೈಗೆ ಹಳೆಯ ನಡೆ ಬಂತು. ಕಮಾನುಗಳನ್ನು ಬಗ್ಗಿಸಿ, ತುದಿ ಸಣ್ಣ ಮಾಡಿ, ಪಟ್ಟಿಯ ತೂತಿಗೆ ತೂರಿಸಿ ಅಡಿಯಿಂದ ಬಡಿದು ಅರಳಿಸಿದೆ. ಹಿಡಿಯ ನಡುಭಾಗವನ್ನು ಕೆಂಪಗೆ ಕಾಯಿಸಿ ಇಕ್ಕಳದಲ್ಲಿ ಹಿಡಿದು ತಿರುಚಿದಾಗ ಸುರುಳಿ ಒಂದೇ ಸಮನೆ ಬಂತು. ಎಷ್ಟೋ ವರ್ಷದ ಮೇಲೆ ನನ್ನ ಕೈ ನನಗೇ ಇಷ್ಟವಾಯಿತು.

ಕೊನೆಗೆ ಉಳಿದದ್ದು ಕಮಾನು ತಿರುಗುವ ಜಾಗದ ರಿವೆಟ್. ಅದು ಬಿಗಿಯಾದರೆ ತಿರುಗುವುದಿಲ್ಲ, ಸಡಿಲವಾದರೆ ರೊಟ್ಟಿ ಕೆಂಡಕ್ಕೆ ವಾಲುತ್ತದೆ. ಮೊದಲ ಸಲ ಬಡಿದದ್ದು ಕಚ್ಚಿಕೊಂಡು ಕುಳಿತಿತು. ಅಪ್ಪ ಕೆಮ್ಮಲಿಲ್ಲ. ಟೋಪಿಯ ಕೆಳಗಿನಿಂದ ನನ್ನನ್ನೇ ನೋಡುತ್ತಿದ್ದರು. ರಿವೆಟ್ ಕಡಿದು ತೆಗೆದು ನಿಂತೆ. ಆಗ ನೆನಪಾಯಿತು, ಊರಿನ ಕುಲುಮೆಯಲ್ಲಿ ಇಕ್ಕಳ ಜೋಡಿಸುವಾಗ ಅವರು ಎರಡು ತುಂಡುಗಳ ನಡುವೆ ಒಣ ಹಲಸಿನೆಲೆ ಇಡುತ್ತಿದ್ದರು. ಅರ್ದಿಯಾದಲ್ಲಿ ಹಲಸಿನೆಲೆ ಎಲ್ಲಿಂದ ತರುವುದು? ಕುಡಿದಿಟ್ಟ ಚಹಾದ ಪೇಪರ್ ಕಪ್ಪನ್ನು ಹರಿದು ಒಂದು ಚೂರನ್ನು ನಡುವೆ ಇಟ್ಟೆ. ಕಾದ ರಿವೆಟ್ ತೂರಿಸಿ ಬಡಿದೆ. ಕಾಗದ ಹೊಗೆಯಾಗಿ ಸುಟ್ಟುಹೋಗಿ, ಬೇಕಾದಷ್ಟೇ ಜಾಗ ಉಳಿಯಿತು. ಆರಿದ ಮೇಲೆ ಬೆರಳಲ್ಲಿ ನೂಕಿದರೆ ಕಮಾನು ಹಗುರಾಗಿ ತಿರುಗಿ, ಬಿಟ್ಟಲ್ಲಿ ನಿಂತಿತು. ಅಪ್ಪ ಮನೆಗೆ ಹೋಗೋಣ ಎಂದು ಎದ್ದರು.

ಮರುದಿನ ಅವರೊಂದಿಗೆ ಬಂದು ನೋಡುತ್ತೇನೆ, ನನ್ನ ಟೋಸ್ಟರ್ ಮೈಯೆಲ್ಲ ಕೆಂಪಾಗಿ ಬಿಸಿಲಿಗೆ ಒಣಗುತ್ತಿದೆ! ತುಕ್ಕು ತಡೆಯುವ ರೆಡ್ ಆಕ್ಸೈಡ್ ಪೇಂಟು ಬಳಿಯದೆ ಒಂದು ಸಾಮಾನೂ ಹೊರಗೆ ಹೋಗಕೂಡದು ಎಂಬುದು ನಮ್ಮ ವರ್ಕ್‌ಶಾಪಿನ ನಿಯಮ, ಆ ನಿಯಮ ಮಾಡಿದವನೂ ನಾನೇ. ಬೆಳಿಗ್ಗೆ ಬೇಗ ಬಂದ ಪೇಂಟರ್ ಭಾಯಿ ಅದನ್ನು ತಪ್ಪದೆ ಪಾಲಿಸಿದ್ದ. "ಆಪ್ ಕಾ ವಾಲಾ ಭೀ ಖಲಾಸ್ ಕರ್ ದಿಯಾ ಭಾಯಿ," ಎಂದ, ನಿಮ್ಮದನ್ನೂ ಮುಗಿಸಿಬಿಟ್ಟೆ ಎಂದು ಉಪಕಾರ ಮಾಡಿದ ಮುಖದಲ್ಲಿ. ರೊಟ್ಟಿ ಕಾಯಿಸುವ ಸಾಮಾನಿಗೆ ಪೇಂಟು! ನಾನು ಕೂಗಾಡಿದೆ. ಮಾಮಾ ಆ ದಿನವೇ ಬರುವವರಿದ್ದರು.

ಹಿಂದಿನಿಂದ ಅಪ್ಪ ನಗುವುದು ಕೇಳಿಸಿತು. ಕುವೈತಿಗೆ ಬಂದ ಮೇಲೆ ಅವರು ಹಾಗೆ ನಕ್ಕಿದ್ದು ಅದೇ ಮೊದಲು.

"ಕೂಗಿದ್ರೆ ಪೇಂಟ್ ಹೋಗ್ತದಾ? ಬೆಂಕಿ ಹಾಕು ಮಾರಾಯ."

ಇದ್ದಿಲು ಹೊತ್ತಿಸಿ ಪೇಂಟನ್ನು ಪೂರ್ತಿ ಸುಟ್ಟೆ, ತಂತಿಯ ಬ್ರಷ್ಷಿನಲ್ಲಿ ಕಬ್ಬಿಣದ ಮೈ ಕಾಣುವ ತನಕ ಉಜ್ಜಿದೆ. ಆಮೇಲೆ ಅಪ್ಪ ಕುರ್ಚಿಯಿಂದ ಎದ್ದು ಬಂದರು. ಕ್ಯಾಂಟೀನಿನಿಂದ ಅರ್ಧ ಈರುಳ್ಳಿ ತರಿಸಿ, ನಾನು ತಲೆಗೆ ಹಚ್ಚಲು ಇಟ್ಟುಕೊಂಡಿದ್ದ ತೆಂಗಿನೆಣ್ಣೆಯಲ್ಲಿ ಅದ್ದಿ, ದೋಸೆಯ ಕಾವಲಿಗೆ ಹಚ್ಚುವ ಹಾಗೆ ಬಿಸಿ ಕಬ್ಬಿಣಕ್ಕೆ ತಿಕ್ಕಿದರು. ಕೈ ನಡುಗುತ್ತಿತ್ತು, ಆದರೂ ಒಂದು ಮೂಲೆಯನ್ನೂ ಬಿಡಲಿಲ್ಲ. ಟೋಸ್ಟರ್ ಕಪ್ಪಗೆ ಮಿರುಗಿತು. ಒಂದು ಖುಬ್ಬೂಸ್ ಮಡಿಸಿ ಇಟ್ಟೆವು, ಎರಡೂ ಮೈ ಕೆಂಪಾಗಿ ಬಂತು. ನನ್ನ ಕೂಗಾಟಕ್ಕೆ ಸಿಟ್ಟು ಮಾಡಿಕೊಂಡಿದ್ದ ಪೇಂಟರ್ ಭಾಯಿಗೂ ಅರ್ಧ ಕೊಟ್ಟೆ.

ಅಪ್ಪ ಬಾಯಿ ಒರೆಸಿಕೊಂಡು ಅಂಗಿಯ ಒಳಜೇಬಿಗೆ ಕೈ ಹಾಕಿದರು. ಹೊರಗೆ ಬಂದದ್ದು ಬಟ್ಟೆ ಸುತ್ತಿದ ಅಚ್ಚು.

"ಇದು... ಊರಿಂದ ತಂದಿರಾ?"

"ಬರುವಾಗ್ಲೇ ತಂದಿದ್ದೆ. ನಿನ್ನ ಗೇಟಲ್ಲಿ ಜಾಗ ಹುಡುಕಿದೆ. ಬೆಂಕಿ ಕಾಣದ ಕಬ್ಬಿಣಕ್ಕೆ ಇದನ್ನು ಹೊಡೀಲಿಕ್ಕೆ ಮನಸ್ಸು ಬರ್ಲಿಲ್ಲ," ಎಂದು ಅಚ್ಚನ್ನು ನನ್ನ ಅಂಗೈಯಲ್ಲಿಟ್ಟರು. "ತಕೋ. ಇನ್ನು ನಿಂದು."

ಅದನ್ನು ನನಗೆ ಕೊಡಲೆಂದೇ ಅವರು ಅಷ್ಟು ದೂರ ಬಂದದ್ದು. ನನ್ನ ಕಣ್ಣು ತುಂಬಿತು. ಇದ್ದಿಲಿನ ಹೊಗೆ ಎಂದು ಹೇಳಿ ಮುಖ ತಿರುಗಿಸಿದೆ. ಹಿಡಿಯ ತುದಿಯನ್ನು ಮತ್ತೊಮ್ಮೆ ಕೆಂಪಗೆ ಕಾಯಿಸಿ, ಅಚ್ಚಿಟ್ಟು, ಒಂದೇ ಏಟು ಹೊಡೆದೆ. ಎಲೆ ನೇರವಾಗಿ ಮೂಡಿತು.

ಮಧ್ಯಾಹ್ನ ಬಂದ ಮಾಮಾ ಕಮಾನನ್ನು ನಾಲ್ಕಾರು ಸಲ ತಿರುಗಿಸಿ ನೋಡಿದರು. ಹಿಡಿಯ ತುದಿಯ ಎಲೆಯ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದರು. ಅಪ್ಪನನ್ನು ತೋರಿಸಿ, ನನ್ನನ್ನು ತೋರಿಸಿಕೊಂಡು, ನನಗೆ ಬರುವ ಹರಕು ಅರಬ್ಬಿಯಲ್ಲಿ ಹೇಳಿದೆ. ಅವರು ಅಪ್ಪನಿಗೆ ಎದೆಯ ಮೇಲೆ ಕೈಯಿಟ್ಟು ವಂದಿಸಿ ಹೊರಟರು.

"ಅವರ ಹತ್ರ ಎಂತ ಹೇಳಿದೆ?" ಅಪ್ಪ ಕೇಳಿದರು.

"ನನ್ನ ಅಪ್ಪ ಕಮ್ಮಾರ, ನಾನೂ ಕಮ್ಮಾರ ಅಂದೆ."

ಅಪ್ಪ ಟೋಪಿ ಸರಿ ಮಾಡಿಕೊಂಡರು. "ಸರಿಯಾಗಿಯೇ ಹೇಳಿದೆ," ಎಂದರು.