ನೊಂದ ನಾಗರಿಕರ ದೂರು

ಸೊಳ್ಳೆ ಕಚ್ಚಿದ ಜಾಗ ಕೆರೆದುಕೊಳ್ಳುವ ಮೊದಲೇ ನನಗೆ ಡೆಂಗಿಯ ಲಕ್ಷಣಗಳು ಶುರುವಾಗುತ್ತವೆ. ಐವತ್ತು ದಾಟಿದರೂ ಈ ಚಾಳಿ ಹೋಗಿಲ್ಲ. ಮಳವಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಾಕೆಯನ್ನು ನಾನು ದೊಡ್ಡವ್ವ ಅನ್ನುತ್ತಿದ್ದೆ. ಅವರು ಹಿತ್ತಲಲ್ಲಿ ಎರಡು ಎಮ್ಮೆ ಸಾಕಿದ್ದರು. ಗಂಜಲವೆಲ್ಲ ಹರಿದು ನಮ್ಮ ಕಾಂಪೌಂಡಿನ ಬುಡದ ಗುಂಡಿಯಲ್ಲಿ ನಿಲ್ಲುತ್ತಿತ್ತು. ಬಾಯಿಬಿಟ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಎಮ್ಮೆ ಈದಾಗಲೆಲ್ಲ ಮೊದಲ ಗಿಣ್ಣು ಬರುತ್ತಿದ್ದದ್ದು ನಮ್ಮ ಮನೆಗೇ. ಅದನ್ನು ತಿಂದ ಬಾಯಲ್ಲಿ ಹೇಳುವುದು ಹೇಗೆ? ಪುರಸಭೆಗೆ ಅರ್ಜಿ ಬರೆದು ಕೊನೆಗೆ ‘ಇಂತಿ, ನೊಂದ ನಾಗರಿಕರು’ ಎಂದು ಹಾಕಿದೆ. ಆ ನಾಗರಿಕರು ಅಂದರೆ ನಾನೊಬ್ಬನೇ.

ತಿಂಗಳೊಳಗೆ ನೋಟಿಸು ಬಂತು. ದೊಡ್ಡವ್ವನಿಗೆ ಓದು ಬರದು. ಅವರ ಸಾಕುಮಗಳು ಮದ್ದೂರಿನ ಗಾರ್ಮೆಂಟ್ಸಿಗೆ ಕೆಲಸಕ್ಕೆ ಹೋಗಿದ್ದಳು. ಕಾಗದ ಹಿಡಿದು ನಮ್ಮ ಜಗುಲಿಗೇ ಬಂದರು.

“ಏನ್ ಬರದವ್ರೆ, ವಸಿ ಓದೇಳ್ಲಾ ಮಗ.”

ಹದಿನೈದು ದಿನದಲ್ಲಿ ಕೊಟ್ಟಿಗೆ ತೆಗೆದು ಗುಂಡಿ ಮುಚ್ಚಬೇಕು, ತಪ್ಪಿದರೆ ಪುರಸಭೆಯೇ ಮಾಡಿಸಿ ಆ ಖರ್ಚನ್ನು ಮನೆಯ ಖಾತೆಯ ಮೇಲೆ ಋಣಭಾರವಾಗಿ ದಾಖಲಿಸುತ್ತದೆ ಎಂದಿತ್ತು. ಅದರ ಮೇಲೆ ನನ್ನ ಅರ್ಜಿಯ ವಾಕ್ಯಗಳನ್ನೇ ಎತ್ತಿ ಬರೆದಿದ್ದರು. ಕಾಗದ ಮಡಿಸಿ ಅವರ ಕೈಗೇ ಕೊಟ್ಟೆ.

“ಯಾವ್ದೋ ಸರ್ವೆದು ಕಣವ್ವ, ಮಡಿಕ್ಕೊ” ಅಂದೆ.

ನಾಳೆ ಹೇಳೋಣ ಅಂದುಕೊಂಡೆ. ಹೀಗೆ ಹದಿನೈದು ನಾಳೆಗಳು ಕಳೆದವು. ಜೆಸಿಬಿ ಬಂದು ಕೊಟ್ಟಿಗೆ ಕೆಡವಿ, ಗುಂಡಿಗೆ ಮಣ್ಣು ತುಂಬಿ ಹೋಯಿತು. ಎಮ್ಮೆಗಳನ್ನು ಲೈಟ್ ಕಂಬಕ್ಕೆ ಕಟ್ಟಿ ದೊಡ್ಡವ್ವ ನನ್ನನ್ನು ಕೇಳಿದ್ದು ಒಂದೇ ಮಾತು.

“ಸರ್ವೆಯೋರು ಯಾಕ್ಲಾ ಮಗ ಇಂಗ್ ಮಾಡುದ್ರು?”

ಆ ವಾರವೇ ಎಮ್ಮೆಗಳು ಸಂತೆಗೆ ಹೋದವು.

ಮರುವರ್ಷ ದೊಡ್ಡವ್ವ ಮನೆಯನ್ನು ಸಾಕುಮಗಳ ಹೆಸರಿಗೆ ಮಾಡಲು ಹೊರಟರು. ದತ್ತಕದ ಕಾಗದ ಇರಲಿಲ್ಲ. ಬರೆಯದೆ ಹೋದರೆ ಮನೆ ಗಂಡನ ತಮ್ಮನ ಮಕ್ಕಳ ಪಾಲು. ಉಯಿಲು ಬರೆಸಿ ಅಂದರೆ, ಅದು ಸಾಯೋರು ಬರೆಸೋದು ಅಂತ ನನ್ನ ಮೇಲೇ ರೇಗಿದರು. ದಾನಪತ್ರವೇ ಆಗಬೇಕಿತ್ತು. ನೋಂದಣಿ ಕಚೇರಿಯಲ್ಲಿ, ಮೊದಲು ಖಾತೆಯ ಮೇಲಿನ ಋಣಭಾರ ತೆಗೆಸಿಕೊಂಡು ಬನ್ನಿ ಎಂದರು.

ಗುಟ್ಟಾಗಿ ನಾನೇ ಹಣ ಕಟ್ಟಿದೆ, ಪುರಸಭೆಯವರು ಮಾಫಿ ಮಾಡಿದರು ಅಂತ ಇನ್ನೊಂದು ಸುಳ್ಳು ಹೇಳಿದೆ. ದೊಡ್ಡವ್ವ ನನ್ನ ತಲೆ ಸವರಿ, ನೂರ್ಕಾಲ ಬಾಳು ಅಂದರು. ಋಣಭಾರ ತೆಗೆಯುವ ಫೈಲು ಮಾತ್ರ ಪುರಸಭೆಯಲ್ಲಿ ಮೇಜಿಂದ ಮೇಜಿಗೆ ಹೋಗುತ್ತಿತ್ತು. ಯಾರದೋ ಸಹಿ ಬಾಕಿ, ಆಮೇಲೆ ಸರ್ವರ್ ಇಲ್ಲ. ಕೆಮ್ಮಿಗೂ ಹೆದರುವ ನಾನು, ದೊಡ್ಡವ್ವ ಸಾಯಬಹುದು ಎಂದು ಮಾತ್ರ ಹೆದರಲೇ ಇಲ್ಲ.

ಒಂದು ಬೆಳಿಗ್ಗೆ ಅವರು ಏಳಲಿಲ್ಲ.

ತಿಥಿಯ ದಿನ ಮೈದುನನ ಮಕ್ಕಳು ಬಂದು ಬೀಗದ ಕೈ ಕೇಳಿದರು. ಅದಾಗಿ ಎಂಟು ದಿನಕ್ಕೆ ಋಣಭಾರವಿಲ್ಲದ ಖಾತೆ ತಯಾರಾಯಿತು. ಅನುಕೂಲವಾದದ್ದು ಅವರಿಗೆ.

ಸಾಕುಮಗಳು ಮದ್ದೂರಿನಲ್ಲಿ ಬಾಡಿಗೆಗೆ ಒಂದು ರೂಮು ಹಿಡಿದಳು. ಅವಳ ಟ್ರಂಕನ್ನು ಬಸ್ಸಿಗೆ ಹತ್ತಿಸಿ, ಕಿಟಕಿಯ ಪಕ್ಕ ನಿಂತು, ಅರ್ಜಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವಳು ನನ್ನ ಕೈಯಲ್ಲಿ ಉಳಿದಿದ್ದ ತನ್ನ ಚೀಲ ನೋಡಿದಳು.

“ಬ್ಯಾಗು ಕೊಡಿ ಇತ್ಲಾಗೆ.”

ಮಾತಿಗೊಮ್ಮೆ ಅಣ್ಣ ಅನ್ನುತ್ತಿದ್ದವಳು.