ಅರಿಶಿನ ಹತ್ತಿದ ಕಾಜ

ಅಂಗಡಿಗೆ ಬರುವವರೆಲ್ಲ ಆಕೆಯನ್ನು ಕಾಜಕ್ಕ ಎನ್ನುತ್ತಿದ್ದರು. ಅಂಗಿಗೆ, ಕೋಟಿಗೆ ಗುಂಡಿ ತೂರಿಸಲು ಬಟ್ಟೆಯಲ್ಲಿ ಸೀಳು ಬಿಟ್ಟು, ಅದರ ಸುತ್ತ ನೂಲಿನಲ್ಲಿ ಒತ್ತೊತ್ತಾಗಿ ಹೊಲಿಯುತ್ತಾರಲ್ಲ, ಅದೇ ಕಾಜ. ಆಕೆಯ ಕೆಲಸ ಅದಿಷ್ಟೇ. ಮಿಕ್ಕಿದ್ದೆಲ್ಲ, ಅಂದರೆ ಅಳತೆ ತೆಗೆಯುವುದು, ಕತ್ತರಿಸುವುದು, ಮಷೀನು ತುಳಿಯುವುದು, ನಾಳೆ ಖಂಡಿತ ಕೊಡುತ್ತೇನೆಂದು ಗಿರಾಕಿಗೆ ಸುಳ್ಳು ಹೇಳುವುದು, ಎಲ್ಲ ಟೈಲರ್ ಮಾಸ್ಟರದ್ದು.

ಕಿಟಕಿ ಪಕ್ಕದ ಸ್ಟೂಲು ಆಕೆಯದು. ಮದುವೆಯಾಗಿ ಬಂದ ಹೊಸದರಲ್ಲಿ ಹಿಡಿದ ಸೂಜಿಯನ್ನು ಮಕ್ಕಳು ದೊಡ್ಡವರಾದರೂ ಕೆಳಗಿಟ್ಟಿರಲಿಲ್ಲ. ತನಗಿಂತ ಚೆನ್ನಾಗಿ ಅಡುಗೆ ಮಾಡುವವರು ಇದ್ದಾರೆ, ತನಗಿಂತ ಚೆನ್ನಾಗಿ ಬದುಕು ನಡೆಸುವವರೂ ಇದ್ದಾರೆ ಎಂದು ಯಾರ ಮುಂದೆ ಬೇಕಾದರೂ ಒಪ್ಪಿಕೊಳ್ಳುತ್ತಿದ್ದಳು. ಕಾಜದ ವಿಷಯದಲ್ಲಿ ಮಾತ್ರ ಆ ಧಾರಾಳತನ ಇರಲಿಲ್ಲ.

ಸಂಧಿವಾತ ಬಂದದ್ದು ಆ ಬೆರಳುಗಳಿಗೇ. ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗದು, ಹೇಗೋ ಕಟ್ಟಿದರೆ ಬಿಚ್ಚಲಾಗದು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಕೈಗೆ ವಿಶ್ರಾಂತಿ ಕೊಡಿ ಎಂದರು. ಮಾತ್ರೆ ಔಷಧಿ ಅಂಗಡಿಯಲ್ಲಿ ಸಿಕ್ಕಿತು. ವಿಶ್ರಾಂತಿ ಅಲ್ಲಿರಲಿಲ್ಲ.

ಆಮೇಲೆ ಆ ಕೈಗಳನ್ನು ಅತ್ತೆ ವಹಿಸಿಕೊಂಡರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತದೆ ಗಾದೆ. ಅದನ್ನು ಸುಳ್ಳು ಮಾಡಲೆಂದೇ ಹುಟ್ಟಿದವರು ಅವರು. ಎಳ್ಳೆಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗೆ ಕಾಯಿಸಿ ಬೆರಳಿಗೆ ತಿಕ್ಕಿದರು. ಹರಳು ಗಿಡದ ಎಲೆ ಬಾಡಿಸಿ ಕಟ್ಟಿದರು. ಶುಂಠಿ ಕಷಾಯ ಕುಡಿಸಿ, ಮುಖ ಸಿಂಡರಿಸಿದರೆ ಇನ್ನರ್ಧ ಲೋಟ ಕುಡಿಸಿದರು. ಎಲ್ಲವನ್ನೂ ಒಟ್ಟಿಗೇ ನಡೆಸಿದ್ದರಿಂದ, ಗುಣ ಕಂಡರೆ ಯಾವುದರಿಂದ ಎಂದು ಪತ್ತೆಹಚ್ಚುವ ತೊಂದರೆಯೇ ಇರಲಿಲ್ಲ.

ಸುಳ್ಳೇಕೆ, ಸ್ವಲ್ಪ ಗುಣ ಕಂಡಿತು. ಬೆಚ್ಚಗಿನ ಎಣ್ಣೆ ತಿಕ್ಕಿದ ಮೇಲೆ ಬೆರಳುಗಳು ಒಂದಿಷ್ಟು ಹೊತ್ತು ಮಾತು ಕೇಳುತ್ತಿದ್ದವು. ಆದರೆ ಮದ್ದಿಗೂ ಬಟ್ಟೆಗೂ ಎಣ್ಣೆ ಸೀಗೇಕಾಯಿ ಸಂಬಂಧ. ಅಂಗಡಿಗೆ ಹೊರಡುವ ಮುಂಚೆ ಸೋಪು ಹಾಕಿ ಕೈ ಉಜ್ಜಿದರೆ ಎಣ್ಣೆಯ ಜತೆ ಅರ್ಧ ಆರಾಮವೂ ಬಚ್ಚಲು ಸೇರುತ್ತಿತ್ತು. ಉಜ್ಜದಿದ್ದರೆ ಮಾಸ್ಟರಿಗೆ ಗೊತ್ತಾಗುತ್ತಿತ್ತು. ಕಾಜ ಹೊಲಿಯುವ ಮಷೀನು ಮಾರುವವನೊಬ್ಬ ಆಗಾಗ ಬಂದು ಮಾಸ್ಟರ ತಲೆ ತಿನ್ನುತ್ತಿದ್ದ. ಕೈ ಹೋಗಿದೆ ಎಂದು ತಿಳಿದ ದಿನ ತನ್ನ ಸ್ಟೂಲೂ ಹೋಗುತ್ತದೆ ಎಂಬ ಹೆದರಿಕೆಯಲ್ಲಿ ಆಕೆ ನೋವನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು.

ಗುಟ್ಟು ಬಿಟ್ಟುಕೊಟ್ಟಿದ್ದು ಅರಿಶಿನ. ಅತ್ತೆ ಹಿಂದಿನ ಸಂಜೆ ಕಟ್ಟಿದ್ದ ಅರಿಶಿನದ ಲೇಪ ಉಗುರಿನ ಸಂದಿಯಲ್ಲಿ ಉಳಿದಿತ್ತು. ಅದು ಬಿಳಿ ಅಂಗಿಯ ಮೇಲಿನ ಕಾಜಕ್ಕೆ ಹತ್ತಿ ಹಳದಿಯಾಯಿತು. ಗಾಬರಿಯಲ್ಲಿ ಸೋಪು ಹಚ್ಚಿದಳು. ಸೋಪು ತಾಗಿದರೆ ಅರಿಶಿನ ಕೆಂಪಾಗುತ್ತದೆಂದು ಗೊತ್ತಿದ್ದ ಹೆಂಗಸೇ, ಆ ಹೊತ್ತಿಗೆ ಮರೆತಿದ್ದಳು. ಮಾಸ್ಟರ್ ಬಂದು ನೋಡುವಾಗ ಕಾಜದ ಸುತ್ತ ರಕ್ತದ ಬಣ್ಣ.

"ಸೂಜಿ ಚುಚ್ತಾ?"

"ಇಲ್ಲ ಮಾಸ್ಟ್ರೇ, ಅರಿಶಿನ."

"ಅಂಗಿಗ್ಯಾಕೆ ಅರಿಶಿನ?"

ಸುಳ್ಳು ಹೇಳುವುದು ಆಕೆಯ ವಿಭಾಗವಲ್ಲ. ಸುಮ್ಮನೆ ಕೈ ಮುಂದೆ ಹಿಡಿದಳು. ಬಾತ ಗೆಣ್ಣುಗಳನ್ನೂ ವಾಲಿದ ಬೆರಳುಗಳನ್ನೂ ಮಾಸ್ಟರ್ ನೋಡಿದರು. ಇಷ್ಟು ಕಾಲ ಅವರು ನೋಡಿದ್ದು ಕಾಜಗಳನ್ನು ಮಾತ್ರ. "ಬಿಸಿಲಿಗೆ ಹಾಕಿ, ಹೋಗುತ್ತೆ" ಎಂದು ಹೇಳಿ ಮಷೀನಿಗೆ ಹಿಂತಿರುಗಿದರು.

ಕಲೆ ಹೋಯಿತು. ಬೇರೊಂದು ಶುರುವಾಯಿತು. ಅಲ್ಲಿಯವರೆಗೆ ಕಾಜ ಸೊಟ್ಟಗಾದರೆ ಮಾಸ್ಟರ್ ಬ್ಲೇಡಿನಲ್ಲಿ ನೂಲು ಕತ್ತರಿಸಿ ಅಂಗಿಯನ್ನು ಆಕೆಯ ಮಡಿಲಿಗೆ ಎಸೆಯುತ್ತಿದ್ದರು. ನೆಟ್ಟಗಿದ್ದರೆ ಎಸೆಯುತ್ತಿರಲಿಲ್ಲ. ಇಬ್ಬರ ನಡುವೆ ಇದ್ದ ಮಾತುಕತೆ ಅಷ್ಟೇ, ಅದರಲ್ಲಿ ಯಾರಿಗೂ ಕೊರತೆ ಕಂಡಿರಲಿಲ್ಲ. ಈಗ ಅವರು ಪ್ರತಿ ಅಂಗಿಯನ್ನೂ ಬೆಳಕಿಗೆ ಹಿಡಿದು "ಚೆನ್ನಾಗಿದೆ" ಎನ್ನತೊಡಗಿದರು. ಇದು ಮನೆಗೆ ಕಳಿಸುವ ಮುಂಚಿನ ಉಪಚಾರ ಎಂದು ಆಕೆ ಲೆಕ್ಕ ಹಾಕಿದಳು.

"ಮಾಸ್ಟ್ರು ಹೊಗಳ್ತಿದಾರೆ ಅತ್ತೆ" ಎಂದಳು ಮನೆಯಲ್ಲಿ.

ಅತ್ತೆ ಎಣ್ಣೆ ತಿಕ್ಕುವುದನ್ನು ನಿಲ್ಲಿಸಿ ಯೋಚಿಸಿದರು. "ಅದಕ್ಕೆ ನನ್ನ ಹತ್ರ ಮದ್ದಿಲ್ಲ ಕಣೇ."

ಮಾರನೆಯ ದಿನ ಆಕೆ ಬೇಕೆಂದೇ ಒಂದು ಕಾಜವನ್ನು ಕೆಡಿಸಿದಳು. ನೋವಿನ ಕೈ ಕೆಡಿಸುವ ಹಾಗಲ್ಲ, ಮನಸ್ಸಿಟ್ಟು, ನಾಚಿಕೆಗೇಡಾಗಿ, ಎಡಕ್ಕೆ ಎಳೆದು. ಮಾಸ್ಟರ್ ಅದನ್ನೂ ಬೆಳಕಿಗೆ ಹಿಡಿದು ಚೆನ್ನಾಗಿದೆ ಎಂದರು.

ಮರುದಿನ ಬೆಳಗ್ಗೆ ಅಂಗಡಿಗೆ ಬಂದವಳೇ, ಇಸ್ತ್ರಿಯಾಗಿ ಗೂಟದಲ್ಲಿ ನೇತಾಡುತ್ತಿದ್ದ ಆ ಅಂಗಿಯನ್ನು ಹುಡುಕಿ ನೋಡಿದಳು. ಕಾಜ ಕೆಟ್ಟಿತ್ತು ನಿಜ, ಆದರೆ ತಾನು ಕೆಡಿಸಿದ ಹಾಗೆ ಕೆಟ್ಟಿರಲಿಲ್ಲ. ಆಕೆಯದು ಎಡಕ್ಕೆ ವಾಲಿತ್ತು. ಇದು ಎಲ್ಲ ಕಡೆಗೂ ವಾಲಿತ್ತು. ಉಳಿದ ಅಂಗಿಗಳನ್ನು ಒಂದೊಂದಾಗಿ ಇಳಿಸಿ ನೋಡಿದಳು. ಎಲ್ಲದರಲ್ಲೂ ಅದೇ ಕೈ.

"ಇವನ್ನ ಯಾರು ಹೊಲಿದಿದ್ದು ಮಾಸ್ಟ್ರೇ?"

"ನೀವೇ ಅಲ್ವಾ" ಎಂದರು ಮಾಸ್ಟರ್, ಟೇಪನ್ನು ಕೊರಳಿಂದ ತೆಗೆದು ಮತ್ತೆ ಕೊರಳಿಗೇ ಹಾಕಿಕೊಳ್ಳುತ್ತ.

"ನಾನು ಇಷ್ಟು ಕೆಟ್ಟದಾಗಿ ಹೊಲೀಬೇಕಾದ್ರೆ ಎರಡೂ ಕೈ ಬಿದ್ದುಹೋಗಿರ್ಬೇಕು."

ಮಾಸ್ಟರ್ ಕುಳಿತುಕೊಂಡರು. ಗಿರಾಕಿಗಳ ಮುಂದೆ ಎಗ್ಗಿಲ್ಲದೆ ಸುಳ್ಳು ಹೇಳುವ ಮನುಷ್ಯನಿಗೆ ಇಲ್ಲಿ ಒಂದೂ ಹೊಳೆಯಲಿಲ್ಲ. "ನೀವು ಮನೆಗೆ ಹೋದ್ಮೇಲೆ ಸೊಟ್ಟಗಾದ್ದನ್ನ ನಾನೇ ಬಿಚ್ಚಿ ಹೊಲೀತಿದ್ದೆ. ಮೊದಲಿನ ಹಾಗೆ ಎಸೆದ್ರೆ ಎಲ್ಲಿ ಮನಸ್ಸಿಗೆ ಬೇಜಾರಾಗಿ ಬರೋದೇ ಬಿಟ್ಬಿಡ್ತೀರೋ ಅಂತ."

ಬರಬೇಡ ಎನ್ನುತ್ತಾರೆಂದು ಆಕೆ ಹೆದರಿದ್ದಳು, ಬರುವುದಿಲ್ಲ ಎನ್ನುತ್ತಾಳೆಂದು ಅವರು ಹೆದರಿದ್ದರು. ಇದನ್ನು ಕೇಳಿ ಆಕೆಗೆ ಸಮಾಧಾನವಾಗಬೇಕಿತ್ತು. ಬಂದದ್ದು ಸಿಟ್ಟು.

"ಗಿರಾಕಿಗಳು ಇದನ್ನೆಲ್ಲ ನನ್ನ ಕೆಲ್ಸ ಅಂತ ಅಂದ್ಕೊಂಡಿರ್ತಾರಲ್ರೀ! ಮಾನ ಕಳೆದ್ರಲ್ಲ!"

ಮಾಸ್ಟರ್ ತಲೆ ತಗ್ಗಿಸಿದರು.

"ಕಾಜದ ಮಷೀನ್ ತರಿಸಿ" ಎಂದಳು.

"ಮತ್ತೆ ನೀವು?"

"ಅಂಗಿಗೆ ಮಷೀನ್ ಸಾಕು. ಕೋಟು ನಂದು. ಎಣ್ಣೆ ಕೈಯಲ್ಲೇ ಬರ್ತೀನಿ, ಕಪ್ಪು ಬಟ್ಟೇಲಿ ಅಷ್ಟಾಗಿ ಕಾಣಲ್ಲ. ನಿಧಾನ ಆಗುತ್ತೆ, ಯಾಕೆ ಅಂತ ಕೇಳ್ಬೇಡಿ. ಕೆಟ್ರೆ ಕತ್ತರಿಸಿ ಎಸೀರಿ. ನೀವು ಮಾತ್ರ ಇನ್ಮೇಲೆ ಸೂಜಿ ಮುಟ್ಬೇಡಿ."

"ಎಸೀತೀನಿ" ಎಂದರು ಮಾಸ್ಟರ್.

ಆಕೆ ಕಿಟಕಿಯ ಕಡೆ ತಿರುಗಿ ಕುಳಿತು ಒಂದಷ್ಟು ಹೊತ್ತು ಅತ್ತಳು. ಆಗ ಬಾರದ ಸಮಾಧಾನ ಈಗ ಬಂದಿತ್ತು. ಆಮೇಲೆ ಮೂಗು ಒರೆಸಿಕೊಂಡು, ಮೊದಲನೆಯ ಅಂಗಿಯನ್ನು ಮಡಿಲಿಗೆ ಎಳೆದುಕೊಂಡು, ಮಾಸ್ಟರ ಕಾಜ ಬಿಚ್ಚಲು ಕೂತಳು. ನೂಲು ಸಿಕ್ಕುಸಿಕ್ಕಾಗಿತ್ತು, ಬೆರಳು ವಿಪರೀತ ನೋಯುತ್ತಿತ್ತು. ಎಲ್ಲ ಅಂಗಿಗಳೂ ಮುಗಿಯುವವರೆಗೆ ಆಕೆ ಏಳಲಿಲ್ಲ.