ಎಲ್ಲರ ಬಿಲ್ಲಿನಲ್ಲೂ ಇಸಬ್ಗೋಲ್

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ತಡೆದುಕೊಳ್ಳಲು ಆಗುತ್ತಿಲ್ಲ. ನಮ್ಮ ಸುಮಾ ಕೀಬೋರ್ಡು ರಿಪೇರಿ ಮಾಡಿದಳು!

ಹೌದು, ಬಿಲ್ಲು ಹೊಡೆಯುವ ಕಂಪ್ಯೂಟರಿನ ಕೀಬೋರ್ಡು. ಇಂಜಿನಿಯರ್ ಬರಲಿಲ್ಲ. ಪಾರ್ಟು ತರಿಸಲಿಲ್ಲ. ಒಂದು ಹೇರ್‌ಪಿನ್ನು, ಒಂದಿಷ್ಟು ಹತ್ತಿ, ನನ್ನ ಮೊಮ್ಮಗಳ ತಲೆ. ಅಷ್ಟೇ. ಇದೇನು ಪೇಪರಿನಲ್ಲಿ ಬರೆಯುವ ವಿಷಯವೇ ಎನ್ನುತ್ತೀರಾ? ನಿಮ್ಮ ಮೊಮ್ಮಗಳೂ ಮಾಡಲಿ, ನೀವೂ ಬರೆಯಿರಿ, ನಾನು ಓದುತ್ತೇನೆ. (ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು. ಸ್ವಲ್ಪ ತಡವಾಗುತ್ತದೆ, ಆದರೆ ಓದುತ್ತೇನೆ.)

ಗೋಕುಲ ರಸ್ತೆಯಲ್ಲಿ ನನ್ನ ಮಗ ಬಸುವಿನ ಕಿರಾಣಿ ಅಂಗಡಿ ಇರುವುದು ನಿಮಗೆ ಗೊತ್ತೇ ಇದೆ. ಹೋದ ದಸರೆಗೆ ಅಲ್ಲಿಗೆ ಬಿಲ್ಲಿಂಗ್ ಮಶೀನು ಬಂತು. ತರಿಸಿದವಳು ಅವನ ಮಗಳು ಸುಮಾ. ಬಿ.ಕಾಂ. ಮುಗಿಸಿ, ಕಂಪ್ಯೂಟರ್ ಕ್ಲಾಸಿಗೂ ಹೋಗಿ ಬಂದು, ಅಪ್ಪನ ಬೆನ್ನು ಹತ್ತಿ ತರಿಸಿದಳು. ಬಸುವಿಗೆ ಮನಸ್ಸಿರಲಿಲ್ಲ. ‘ಮಶೀನು ನೆಟ್ಟಗ ನಡಿಯೂತನಾ ನೀ ಕೌಂಟರಿನ್ಯಾಗ ಕೂಡು. ಕೆಟ್ಟಿತಂದ್ರ ಅದೂ ಏಳಬೇಕು, ನೀನೂ ಏಳಬೇಕು’ ಎಂದು ಅವತ್ತೇ ಹೇಳಿಬಿಟ್ಟಿದ್ದ. ಹುಡುಗಿ ಹೂಂ ಅಂದಳು. ಆ ಕುರ್ಚಿಗೆ ತಾನೇ ಹೊಸ ದಿಂಬು ಹೊಲಿದುಕೊಂಡಳು.

ಈ ಕೀಬೋರ್ಡು ಆಫೀಸಿನಲ್ಲಿ ಇರುವಂಥದ್ದಲ್ಲ. ಅಗಲ ಅಗಲ ಗುಂಡಿಗಳು. ಪ್ರತಿ ಗುಂಡಿಗೂ ಗಾಜಿನಂಥ ಪ್ಲಾಸ್ಟಿಕ್ ಮುಚ್ಚಳ, ಅದರ ಕೆಳಗೆ ಸುಮಾ ಬರೆದಿಟ್ಟ ಚೀಟಿ. ಸಕ್ಕರೆ, ಚಹಾಪುಡಿ, ತೊಗರಿಬೇಳೆ. ಸಕ್ಕರೆ ಒತ್ತಿದರೆ ಬಿಲ್ಲಿನಲ್ಲಿ ಸಕ್ಕರೆ. ನಾನೂ ಒತ್ತಬಲ್ಲೆ! (ಒತ್ತಲು ಬಿಡುವುದಿಲ್ಲ.)

ಸಂಕ್ರಮಣದ ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಕುಳಿತಿದ್ದೆ. ಹಿಂದಿನ ಓಣಿಯ ರಿಟೈರ್ಡ್ ಮಾಸ್ತರರು ಬಂದರು. ತಗೊಂಡದ್ದು ಒಂದೇ ಒಂದು ಸೋಪು. ಬಿಲ್ಲು ಮಾತ್ರ ಬಂತು, ಬಂತು, ಬರುತ್ತಲೇ ಇತ್ತು. ಕೌಂಟರಿನಿಂದ ಇಳಿದು ಅವರ ಮೊಣಕಾಲು ಮುಟ್ಟಿತು.

‘ಏನವಾ ಸುಮಾ ಇದು? ಸೋಪಿನ ಕೆಳಗ ಬರೇ ಇಸಬ್ಗೋಲ್, ಇಸಬ್ಗೋಲ್ ಅಂತ ಬಂದೈತಿ!’

ಇಸಬ್ಗೋಲ್ ಗೊತ್ತಲ್ಲ? ಹೊಟ್ಟೆ ಸಾಫಾಗಲಿ ಎಂದು ಮಲಗುವಾಗ ಹಾಲಿಗೆ ಹಾಕಿಕೊಂಡು ಕುಡಿಯುತ್ತಾರಲ್ಲ, ಅದೇ. ಸಾಲಿನಲ್ಲಿ ನಿಂತವರೆಲ್ಲ ಮಾಸ್ತರರ ಹೊಟ್ಟೆಯನ್ನೇ ನೋಡತೊಡಗಿದರು.

‘ನನ್ನ ಹೊಟ್ಟಿ ಗಡಿಯಾರ ಇದ್ದಂಗ ಐತ್ರೀ!’ ಎಂದು ಮಾಸ್ತರರು ಇಡೀ ಗೋಕುಲ ರಸ್ತೆಗೆ ಕೇಳುವಂತೆ ಸಾರಿದರು. ಯಾರಾದರೂ ಕೇಳಿದ್ದರೇ?

ಅವರ ಹಿಂದಿನವರು ಅವಲಕ್ಕಿ ತಗೊಂಡರು. ಬಿಲ್ಲಿನಲ್ಲಿ ಇಸಬ್ಗೋಲ್. ಊದಿನಕಡ್ಡಿಗೂ ಇಸಬ್ಗೋಲ್. ಒಬ್ಬ ಹೆಣ್ಣುಮಗಳು ಮಾತ್ರ ಆಚೀಚೆ ನೋಡಿ, ‘ಹೆಂಗಿದ್ರೂ ಬಂದೈತಿ, ಒಂದ ಕೊಟ್ಟಬಿಡವಾ’ ಎಂದು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ಹಬ್ಬದ ಮರುದಿನ ನೋಡಿ!

ಬಸು ಓಡಿ ಬಂದ. ಟೀವಿಗೆ ಬಾರಿಸುವಂತೆ ಕೀಬೋರ್ಡಿಗೆ ಬಾರಿಸಿದ. ಇಸಬ್ಗೋಲ್ ಇನ್ನೂ ಜೋರಾಯಿತು. ಸೊಸೆ ಗಿರಿಜಾ ಅಂಗಡಿಯ ಹಿಂದಿರುವ ನಮ್ಮ ಮನೆಯಿಂದ ಉಪ್ಪು, ಮೆಣಸಿನಕಾಯಿ ಹಿಡಿದು ಬಂದು ಮಶೀನಿಗೆ ದೃಷ್ಟಿ ತೆಗೆದಳು. ‘ನಿನ್ನಿ ಅಂಗಡಿಗೆ ಬಂದಾಕಿ ಮಶೀನ ಎಷ್ಟ ಹೊಗಳಿದ್ಲು ನೋಡಿದ್ರಿಲ್ಲೋ, ಅತ್ತಿ? ಆಕಿದ ಕಣ್ಣು!’

ದಸರೆಗೆ ಟೈ ಕಟ್ಟಿಕೊಂಡು ಬಂದು ಮಶೀನು ಮಾರಿಹೋದವನಿಗೆ ಸುಮಾ ಫೋನು ಹಚ್ಚಿದಳು.

‘ಆಫ್ ಮಾಡಿ ಆನ್ ಮಾಡ್ರಿ.’

‘ಮಾಡೇನ್ರಿ.’

‘ಹಂಗಾರ ಇನ್ನೊಮ್ಮೆ ಮಾಡ್ರಿ.’

ಇಷ್ಟು ಹೇಳಲು ಕೊರಳಿಗೆ ಟೈ ಯಾಕೆ ಬೇಕು? ಹೊಸ ಕೀಬೋರ್ಡು ಬರಲು ವಾರ ಹಿಡಿಯುತ್ತದೆ ಎಂದು ಹೇಳಿ ಫೋನು ಇಟ್ಟುಬಿಟ್ಟ.

ಬಸು ಮೇಲಿನ ಹಲಗೆಯಿಂದ ಹಳೆಯ ಬಿಲ್ ಪುಸ್ತಕ ಇಳಿಸಿ ಧೂಳು ಜಾಡಿಸಿದ. ‘ಸಂಜೀತನಾ ನೋಡ್ತೇನಿ ಸುಮಾ. ಆಗಲಿಲ್ಲಂದ್ರ ನಾಳಿಂದ ಅಲ್ಲಿ ನಾ ಕೂಡಾಂವ.’

ಸುಮಾ ಕುರ್ಚಿ ಹಿಂದಕ್ಕೆ ತಳ್ಳಿ ತೋಳೇರಿಸಿದಳು. ಆ ಹುಡುಗಿ ಮಾತಾಡಿದರೆ ನನಗೆ ತಲೆನೋವು, ತೋಳೇರಿಸಿದರೆ ಮನೆಮಂದಿಗೆಲ್ಲ ಕೆಲಸ.

ಮೊದಲು ಕೀಬೋರ್ಡಿನ ವಾಯರು ಕಿತ್ತಳು. ಇಸಬ್ಗೋಲ್ ಗಪ್ಪಾಯಿತು. ‘ಮಶೀನಿಗೆ ಏನೂ ಆಗಿಲ್ಲ ಆಯಿ. ಜಡ್ಡು ಇದಕ್ಕಷ್ಟ’ ಎಂದಳು. (ಆಯಿ ಎಂದರೆ ನಾನು, ಅಜ್ಜಿ.) ಕೀಬೋರ್ಡನ್ನು ಕೂಸಿನಂತೆ ಎತ್ತಿಕೊಂಡು ಮನೆಯ ಕಟ್ಟೆಗೆ ತಂದಳು. ಪೇಪರು ಹಾಸಿ, ಬೋರಲು ಹಾಕಿ, ಬೆನ್ನು ತಟ್ಟಿದಳು.

ಏನೇನು ಉದುರಿತು ಅಂತೀರಿ! ಜೀರಿಗೆ. ಚುನಮುರಿ. ದಸರೆಯ ಬನ್ನಿ ಎಲೆ. ನಾನು ಮನೆಯೆಲ್ಲ ಹುಡುಕಿದ್ದ ಸೇಫ್ಟಿ ಪಿನ್ನು. ಇದನ್ನೆಲ್ಲ ತೂಗಿ ಮಾರಿದ್ದರೆ ಇನ್ನೊಂದು ಸಣ್ಣ ಅಂಗಡಿ ಆಗುತ್ತಿತ್ತು. ಆಮೇಲೆ ಉದುರಿದ್ದು ಸಂಕ್ರಮಣದ ಕುಸುರೆಳ್ಳು, ಸಕ್ಕರೆ ಪಾಕ ಸುತ್ತಿದ ಎಳ್ಳು. ಬಿಳಿ, ಗುಲಾಬಿ, ಹಳದಿ, ಪಟಪಟ ಪಟಪಟ.

‘ಆಯಿ, ಯಾರ್ದು ಇಷ್ಟ ಕುಸುರೆಳ್ಳು?’

ಯಾರದೆಂದು ಹೇಳಲಿ? ಇಡೀ ಓಣಿಯದು! ಸಂಕ್ರಮಣದ ದಿನ ಬಂದ ಗಿರಾಕಿಗಳೆಲ್ಲ ಸುಮ್ಮನೆ ಬಂದಿರಲಿಲ್ಲ. ‘ಕೈ ಹಿಡಿ ತಂಗಿ, ಕುಸುರೆಳ್ಳು ತಗೋ’ ಎನ್ನುತ್ತ ಬಂದಿದ್ದರು. ಬೇಡ ಎನ್ನಲಾದೀತೇ? ಹಬ್ಬದ ರಷ್ಷು, ಏಳಲಿಕ್ಕೂ ಪುರಸೊತ್ತಿಲ್ಲ. ಸುಮಾ ಬಲಗೈಯಲ್ಲಿ ಗುಂಡಿ ಒತ್ತುತ್ತ, ಕೀಬೋರ್ಡಿನ ಮೇಲೆಯೇ ಎಡಗೈ ಒಡ್ಡಿ ತಗೊಂಡಿದ್ದಳು. ಅವಳ ಅಂಗೈ ಚಿಕ್ಕದು. ಕೊಡುವವರ ಮುಷ್ಟಿ ದೊಡ್ಡದು. ಉಳಿದದ್ದು ಎಲ್ಲಿಗೆ ಹೋಗಬೇಕು?

ಅಷ್ಟರಲ್ಲಿ ಒಂದು ಗುಂಡಿಯ ಸಂದಿಯಿಂದ ಇರುವೆಗಳು ಹೊರಟವು. ಯಾವ ಗುಂಡಿ? ಇಸಬ್ಗೋಲ್!

ಗಿರಿಜಾ ಇರುವೆಗೆಂದು ಅರಿಷಿಣದ ಡಬ್ಬಿ ತಂದಳು. ‘ಅವ್ವಾ, ಅರಿಷಿಣ ಹಾಕಿದಿ ಅಂದ್ರ ಕೀಬೋರ್ಡಿಗೆ ಮದುವಿ ಮಾಡಬೇಕಾಗ್ತೈತಿ!’ ಎಂದು ಸುಮಾ ಡಬ್ಬಿ ಕಸಿದುಕೊಂಡಳು. ಹೇರ್‌ಪಿನ್ನಿನಿಂದ ಮುಚ್ಚಳ ಮೆಲ್ಲಗೆ ಎತ್ತಿದಳು. ಒಳಗೆ ನಾಲ್ಕಾರು ಕುಸುರೆಳ್ಳು, ಅದರ ಮೇಲೆ ಹಬ್ಬದ ರಷ್ಷಿನಲ್ಲಿ ಚೆಲ್ಲಿದ ಚಹಾ. ಎರಡೂ ಸೇರಿ ಪಾಕವಾಗಿ, ಗುಂಡಿ ಕೆಳಗೇ ಅಂಟಿಕೊಂಡುಬಿಟ್ಟಿತ್ತು. ನಾವು ಒತ್ತದಿದ್ದರೂ ಅದು ಬೆಳಿಗ್ಗೆಯಿಂದ ಒತ್ತಿಕೊಂಡೇ ಇತ್ತು.

‘ಆಯಿ, ನಿನ್ನ ಇಂಜೆಕ್ಷನ್ ಸ್ಪಿರಿಟ್ ಕೊಡು.’

ಕೊಟ್ಟೆ. ನನ್ನ ಸಕ್ಕರೆ ರೋಗದ ಸ್ಪಿರಿಟ್ಟು. ಪಾಪ, ಇದಕ್ಕೂ ನನ್ನಂತೆಯೇ ಸಕ್ಕರೆ ಏರಿತ್ತು! ಸುಮಾ ಹತ್ತಿಯಲ್ಲಿ ಅದ್ದಿ ಅದ್ದಿ ಒರೆಸಿದಳು. ನಾನು ಬೀಸಣಿಕೆ ಹಿಡಿದು ಗಾಳಿ ಹಾಕಿದೆ. ರಟ್ಟೆ ಇವತ್ತಿಗೂ ನೋಯುತ್ತಿದೆ, ಆದರೆ ಸುಖದ ನೋವು.

ಸಂಜೆ ವಾಯರು ಸಿಕ್ಕಿಸುವಾಗ ಬಸು ಬಿಲ್ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡೇ ನಿಂತಿದ್ದ. ಸುಮಾ ಸೋಪು ಒತ್ತಿದಳು. ಸೋಪು ಬಂತು. ಎಲ್ಲರೂ ಉಸಿರು ಹಿಡಿದು ನಿಂತೆವು. ಮತ್ತೇನೂ ಬರಲಿಲ್ಲ! ಬಸುವಿಗೆ ಇನ್ನೂ ನಂಬಿಕೆಯಿಲ್ಲ. ಮುಂದೆ ಬಂದು ತಾನೇ ಇಸಬ್ಗೋಲ್ ಒತ್ತಿದ. ಒಂದೇ ಬಂತು, ಮರ್ಯಾದೆಯಿಂದ ಬಂದು ನಿಂತಿತು. ನಾನು ಚಪ್ಪಾಳೆ ತಟ್ಟಿದ್ದು ಎದುರಿನ ಪಂಕ್ಚರ್ ಅಂಗಡಿಗೂ ಕೇಳಿತಂತೆ.

ಬಸು ನನ್ನ ಕಡೆ ತಿರುಗಿದ. ಬಿಲ್ ಪುಸ್ತಕ ತಂದು ನನ್ನ ಮಡಿಲಿಗೆ ಹಾಕಿದ. ‘ತಗೋ ಯವ್ವಾ, ನಿನ್ನ ಪೇಪರಿಗೆ ಬರಿಯಾಕ ಆಗ್ತೈತಿ.’ ಇದನ್ನು ಬರೆಯುತ್ತಿರುವುದು ಅದರ ಹಿಂಬದಿಯಲ್ಲೇ.

ಅವತ್ತು ಅಂಗಡಿ ಬೇಗ ಮುಚ್ಚಿ ನಾಲ್ವರೂ ಒಟ್ಟಿಗೆ ಉಂಡೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಹಬ್ಬದಲ್ಲಿ ಉಳಿದ ಶೇಂಗಾ ಹೋಳಿಗೆ, ಮೇಲೆ ತುಪ್ಪ. ಬಸು ತನ್ನ ತಾಟಿನ ಹೋಳಿಗೆ ಎತ್ತಿ ಮಗಳ ತಾಟಿಗೆ ಇಟ್ಟ. ‘ನಾಳೆ ಲಗೂ ಅಂಗಡಿ ತಗಿ, ಕುರ್ಚಿ ಕಾಯಾಕತ್ತೈತಿ’ ಎಂದ. ಆಮೇಲೆ ಖುಷಿಯಲ್ಲಿ ತಾನೂ ಹೋಳಿಗೆಯ ಮೇಲೆ ಹೋಳಿಗೆ ಬಾರಿಸಿದ. ಕೊನೆಗೆ ಗೋಡೆಗೆ ಒರಗಿ, ಹೊಟ್ಟೆ ಸವರಿಕೊಳ್ಳುತ್ತ, ಮೆಲ್ಲಗೆ ಕೇಳಿದ.

‘ಸುಮಾ... ಅಂಗಡ್ಯಾಗ ಇಸಬ್ಗೋಲ್ ಉಳದೈತೇನವಾ?’

‘ಐತಪ್ಪಾ. ಬಿಲ್ಲು ಒಂದಕ್ಕ ಹೊಡೀಲೋ, ಮಾಸ್ತರಿಗೆ ಹೊಡದಂಗ ಮೊಣಕಾಲತನಾ ಹೊಡೀಲೋ?’